ನಡುವಿನ ಕುರ್ಚಿ

ಅವರು ಈ ದೇಶಕ್ಕೆ ಬಂದಾಗ ಹುಡುಗಿಗೆ ಹದಿಮೂರು ವರ್ಷ. ಇಲ್ಲಿನ ಭಾಷೆ ಅವಳ ಬಾಯಿಗೆ ಎಂಟೇ ತಿಂಗಳಲ್ಲಿ ಹತ್ತಿತು. ಹಾಲಿನ ಅಂಗಡಿಯವಳ ಜೊತೆ ಅವಳು ಪಟಪಟನೆ ಮಾತಾಡಿದ್ದನ್ನು ಮೊದಲ ಸಲ ಕೇಳಿದ ದಿನ ಅಪ್ಪ ಮನೆಗೆ ಬಂದು, “ನಮ್ಮನೇಲೊಂದು ಗಿಣಿ ಇದೆ ಕಣೇ, ಗೊತ್ತೇ ಇರಲಿಲ್ಲ,” ಎಂದು ಅಮ್ಮನ ಮುಂದೆ ಹಿಗ್ಗಿದ. ಅವತ್ತಿನಿಂದ ಅವಳು ಗಿಣಿಯೇ ಆದಳು. ಆರು ವರ್ಷ ಚಿಕ್ಕವಳಾದ ತಂಗಿ ಪುಟ್ಟಿಯೂ ಅವಳನ್ನು ಅಕ್ಕ ಅನ್ನುವುದು ಬಿಟ್ಟು ಗಿಣಿ ಅನ್ನತೊಡಗಿದಳು.

ಬ್ಯಾಂಕಿಗೆ ಹೋಗಬೇಕೆಂದರೆ ಗಿಣಿ. ಮನೆ ಯಜಮಾನನ ಹತ್ತಿರ ಸೋರುವ ಪೈಪಿನ ಮಾತೆತ್ತಬೇಕೆಂದರೆ ಗಿಣಿ. ವರ್ಷಕ್ಕೊಮ್ಮೆ ವಲಸೆ ಕಚೇರಿಯಲ್ಲಿ ಕಾಗದ ತೋರಿಸುವಾಗಲೂ ಅವಳೇ. ಎಲ್ಲಿ ಹೋದರೂ ಮೇಜಿನ ಮುಂದೆ ಮೂರು ಕುರ್ಚಿ: ಬಲಕ್ಕೆ ಅಪ್ಪ, ಎಡಕ್ಕೆ ಅಮ್ಮ, ನಡುವೆ ಅವಳು. ಆಚೆ ಕೂತವರು ಒಂದು ಮಾತು ಮುಗಿಸುವುದೇ ತಡ, ಅಪ್ಪನ ಮೊಣಕೈ ಅವಳ ಪಕ್ಕೆಗೆ ತಿವಿಯುತ್ತಿತ್ತು. “ಏನಂತೆ?”

ಅಪ್ಪ ಹಿಂದೆ ತನ್ನ ಊರಲ್ಲಿ ಮೋಜಣಿದಾರನಾಗಿದ್ದವನು. ಅಣ್ಣತಮ್ಮಂದಿರು ಜಗಳವಾಡಿಕೊಂಡ ಜಮೀನಿಗೆ ಸರಪಳಿ ಹಿಡಿದು ಹೋಗಿ, ಅಳತೆ ಮಾಡಿ, ಗಡಿಕಲ್ಲು ನೆಡಿಸಿ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಇಲ್ಲಿ ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಅವನದು ಕುರ್ಚಿಯ ಕಾಲುಗಳಿಗೆ ಸ್ಯಾಂಡ್‌ಪೇಪರ್ ಉಜ್ಜುವ ಕೆಲಸ. ಅವನ ಅರ್ಧ ವಯಸ್ಸಿನ ಮೇಸ್ತ್ರಿ ಹೆಸರು ಹಿಡಿದು ಕರೆಯುವ ಗೋಜಿಗೂ ಹೋಗದೆ ಸೀಟಿ ಹೊಡೆಯುತ್ತಿದ್ದ. ಕಚೇರಿಗಳ ಗುಮಾಸ್ತರಂತೂ ಗಿಣಿಯ ಮುಖವನ್ನಷ್ಟೇ ನೋಡಿ ಮಾತಾಡುತ್ತಿದ್ದರು. ಅಪ್ಪನೆಂದರೆ ಅವಳು ಜೊತೆಗೆ ಹೊತ್ತು ತಂದ ಚೀಲವೇನೋ ಎಂಬಂತೆ.

ಅಂಥ ದಿನ ಮನೆಗೆ ಬಂದ ಮೇಲೆ ಏನಾಗುತ್ತದೆಂದು ಗಿಣಿಗೆ ಗೊತ್ತಿತ್ತು. ಅಪ್ಪ ಶೂ ಬಿಚ್ಚಿ ಎಸೆದ ಸದ್ದು ಕೇಳಿದರೆ ಸಾಕು, ಅವಳು ಪುಟ್ಟಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿ ಬಿಟ್ಟು ಕಥೆ ಶುರುಮಾಡುತ್ತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಊಟದ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು, ಅಮ್ಮನ ಒಂದು ಕೆನ್ನೆ ಇನ್ನೊಂದಕ್ಕಿಂತ ಕೆಂಪಾಗಿರುವುದನ್ನು ಬಿಟ್ಟರೆ.

ಹಾಗಾಗಿ ಗಿಣಿ ಮಾತುಗಳನ್ನು ತಿದ್ದಲು ಕಲಿತಳು. “ಈ ಮನುಷ್ಯನಿಗೆ ಒಂದು ಫಾರಂ ತುಂಬೋಕೂ ಬರಲ್ವಾ?” ಎಂದು ಗುಮಾಸ್ತ ಸಿಡುಕಿದರೆ, “ಒಂದು ಸಹಿ ಬಿಟ್ಟುಹೋಗಿದೆಯಂತೆ ಅಪ್ಪ, ಪರವಾಗಿಲ್ವಂತೆ,” ಎನ್ನುತ್ತಿದ್ದಳು. ಅಪ್ಪ ಸಿಟ್ಟಿನಿಂದ, “ಇವನ ತಲೆ ಕೆಟ್ಟಿದೆಯಾ ಕೇಳು,” ಅಂದರೆ, “ಅಪ್ಪ ಥ್ಯಾಂಕ್ಸ್ ಹೇಳ್ತಿದ್ದಾರೆ,” ಎನ್ನುತ್ತಿದ್ದಳು. ಹದಿನಾರು ತುಂಬುವ ಹೊತ್ತಿಗೆ ಸುಳ್ಳು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಸ್ವಂತಕ್ಕೂ ಒಂದಿಷ್ಟು ಬಳಸಿಕೊಂಡಿದ್ದಳು. ಶಾಲೆಯ ಸಭೆಯಲ್ಲಿ, “ಲೆಕ್ಕದಲ್ಲಿ ತುಂಬಾ ಹಿಂದಿದ್ದಾಳೆ, ಕಿಟಕಿ ಆಚೆ ನೋಡ್ತಾ ಕೂರ್ತಾಳೆ,” ಎಂದು ಟೀಚರು ಅಂದಾಗ, “ಲೆಕ್ಕದಲ್ಲಿ ಮುಂದಿದ್ದಾಳಂತೆ, ಸ್ವಲ್ಪ ಗಾಳಿ ಬೆಳಕು ಬೇಕಂತೆ,” ಎಂದು ಅಮ್ಮನಿಗೆ ಹೇಳಿದ್ದಳು. ಅಮ್ಮ ಗಂಭೀರವಾಗಿ ತಲೆಯಾಡಿಸಿದ್ದಳು.

ಅಮ್ಮನಿಗೆ ಇಲ್ಲಿನ ಭಾಷೆ ಬರುವುದಿಲ್ಲವೆಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನೀರು ಹಿಂಡಿ ಬಂದ ಚಾದರಗಳ ಗಾಡಿ ಒಂದಾದ ಮೇಲೊಂದು ಉರುಳಿಕೊಂಡು ಬರುತ್ತಿತ್ತು. ಒಂದೊಂದು ಚಾದರಕ್ಕೆ ಇಬ್ಬರು ಹೆಂಗಸರು. ಆಚೆ ಎರಡು ಮೂಲೆ, ಈಚೆ ಎರಡು ಮೂಲೆ ಹಿಡಿದು ಕೊಡವಿ, ಕಾದ ಉರುಳೆಗೆ ಒಡ್ಡಬೇಕು. ಬೆರಳು ಒಂದಿಂಚು ಮುಂದೆ ಹೋದರೆ ಸುಟ್ಟಿತೆಂದೇ ಲೆಕ್ಕ. ಅಮ್ಮನ ಎದುರು ನಿಲ್ಲುತ್ತಿದ್ದವಳು ಬೇರೆ ಯಾವುದೋ ದೇಶದಿಂದ ಬಂದ ದಪ್ಪನೆಯ, ಬಾಯಿತುಂಬ ನಗುವ ಹೆಂಗಸು. ಆವಿಯ ನಡುವೆ ಇಬ್ಬರೂ ದಿನಕ್ಕೆ ಒಂಬತ್ತು ಗಂಟೆ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆಂದು ಗಿಣಿ ಒಂದು ದಿನವೂ ಯೋಚಿಸಿರಲಿಲ್ಲ.

ನಾಲ್ವರೂ ಈ ದೇಶದಲ್ಲಿ ಉಳಿಯಲು ಆಧಾರ ಅಪ್ಪನ ಕೆಲಸದ ಪರವಾನಗಿ ಒಂದೇ. ಎಲ್ಲರ ಪಾಸ್‌ಪೋರ್ಟುಗಳು ಅಪ್ಪನ ಕಂದು ಸೂಟ್‌ಕೇಸಿನಲ್ಲಿದ್ದವು. ಅದರ ಬೀಗದ ಕೈ ಅವನ ಅಂಗಿಯ ಜೇಬಿನಲ್ಲಿ.

ಆ ಶನಿವಾರ ಬೆಳಿಗ್ಗೆ ಅಮ್ಮ ಬಹಳ ಮೆಲ್ಲಗೆ ಮಾತೆತ್ತಿದಳು.

“ರೀ, ನನ್ನ ಪಾಸ್‌ಪೋರ್ಟ್ ಒಂದು ದಿನದ ಮಟ್ಟಿಗೆ ಬೇಕಿತ್ತು. ಲಾಂಡ್ರಿಯಲ್ಲಿ ನನ್ನ ಕಾಯಂ ಮಾಡ್ತಾರಂತೆ. ಕಾಪಿ ಕೇಳ್ತಿದ್ದಾರೆ.”

ಹಿಂದಿನ ದಿನವಷ್ಟೇ ವಲಸೆ ಕಚೇರಿಯಲ್ಲಿ ಅಪ್ಪ ಏನೋ ಹೇಳಲು ಎದ್ದು ನಿಂತಾಗ, ಅಲ್ಲಿನ ಹೆಂಗಸು ಅವನತ್ತ ನೋಡದೆಯೇ ಗಿಣಿಗೆ, “ಕೂತ್ಕೊಳ್ಳೋಕೆ ಹೇಳು ಅವರಿಗೆ,” ಅಂದಿದ್ದಳು. ಜೊತೆಗೆ ಅವಳು ಮಾಡಿದ ಅಂಗೈಯ ಸನ್ನೆ ಅಪ್ಪನಿಗೆ ಅನುವಾದವಿಲ್ಲದೆಯೇ ಅರ್ಥವಾಗಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

“ನನ್ನ ಕಾಗದದ ಮೇಲೆ ತಾನೇ ನೀವೆಲ್ಲ ಇಲ್ಲಿರೋದು? ನಿಂಗೆ ಬೇರೆ ಯಾಕೆ? ಎಲ್ಲಿಗೆ ಹೋಗೋ ಪ್ಲಾನು?”

“ಎಲ್ಲಿಗೂ ಇಲ್ಲ. ಒಂದು ದಿನ ಅಷ್ಟೇ. ಕೊಡಿ,” ಎಂದು ಅಮ್ಮ ಕೈ ಚಾಚಿದಳು. ಹಾಗೆ ಅವಳು ಕೈ ಚಾಚಿದ್ದು ಅದೇ ಮೊದಲು.

ಅಪ್ಪ ಆ ಕೈಯನ್ನೇ ಹಿಡಿದು ತಿರುಚಿದ. ಬಾಗಿಲಲ್ಲಿ ನಿಂತಿದ್ದ ಗಿಣಿಗೆ ಒಂದು ಸಣ್ಣ ಸದ್ದು ಕೇಳಿಸಿತು. ಅಮ್ಮ ಕೂಗಲಿಲ್ಲ. ಕೂಗಿದವನು ಅಪ್ಪ. “ಏನಾಯ್ತೇ? ಅಯ್ಯೋ, ಏನಾಯ್ತು?” ಎಂದು, ತಾನು ಆಗ ತಾನೇ ಆ ಕೋಣೆಗೆ ಕಾಲಿಟ್ಟವನ ಹಾಗೆ.

ಪುಟ್ಟಿಯನ್ನು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಬಿಟ್ಟು ಮೂವರೂ ಬಸ್ಸು ಹಿಡಿದರು. ಅಪ್ಪ ತನ್ನ ಮಫ್ಲರಿನಿಂದ ಅಮ್ಮನ ಕೈಯನ್ನು ಕೂಸಿಗೆ ಸುತ್ತುವಷ್ಟು ನಾಜೂಕಾಗಿ ಸುತ್ತಿದ್ದ. ಜನರ ನಡುವೆ ನುಗ್ಗಿ ಅವಳಿಗೆ ಸೀಟು ಹಿಡಿದ. ಆಮೇಲೆ ಗಿಣಿಯ ಕಿವಿಯ ಹತ್ತಿರ ಬಗ್ಗಿದ.

“ಮೆಟ್ಟಿಲಿಂದ ಬಿದ್ಲು. ಒದ್ದೆ ಇತ್ತು. ಅಷ್ಟೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಂಗೇನಾದ್ರೂ ಆದ್ರೆ ನಾಲ್ಕೂ ಜನ ದೇಶದಿಂದ ಹೊರಗೆ, ತಿಳೀತಾ? ನಿನ್ನ ಸ್ಕೂಲು, ಪುಟ್ಟಿ ಸ್ಕೂಲು, ಎಲ್ಲ ಅಲ್ಲಿಗೆ ಮುಗೀತು.”

“ತಿಳೀತು ಅಪ್ಪ.”

“ಎಲ್ಲಿ, ಹೇಳು ನೋಡೋಣ.”

ಅವಳು ಹೇಳಿದಳು. ಇಲ್ಲಿನ ಭಾಷೆಯಲ್ಲೂ ಒಮ್ಮೆ ಹೇಳಿಸಿದ, ಅರ್ಥವಾಗದಿದ್ದರೂ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಎಕ್ಸ್‌ರೇ ಮುಗಿದ ಮೇಲೆ ಅವರನ್ನು ಕರೆದ ಡಾಕ್ಟರು ತಲೆಯ ಮೇಲೆ ಕನ್ನಡಕ ಏರಿಸಿಕೊಂಡ, ಗಿಡ್ಡ ಕೂದಲಿನ ಹೆಂಗಸು. ಪುಟ್ಟ ಕೋಣೆ. ಒಂದು ಮಂಚ, ಒಂದು ಮೇಜು, ಇತ್ತ ಮೂರು ಕುರ್ಚಿ. ಶನಿವಾರ ಆಸ್ಪತ್ರೆಯ ಅನುವಾದಕರು ಇರುವುದಿಲ್ಲ, ಫೋನಿನಲ್ಲಿ ಹಿಡಿಯಲು ಒಂದು ಗಂಟೆಯಾದರೂ ಬೇಕು ಎಂದಳು ಡಾಕ್ಟರು. ಗಿಣಿ ಅದನ್ನು ತಿಳಿಸಿದ ಕೂಡಲೇ ಅಪ್ಪ ಎದೆಯುಬ್ಬಿಸಿ, “ಮಗಳಿದ್ದಾಳಲ್ಲ!” ಎಂದ.

“ಹೇಗಾಯ್ತು ಅಂತ ಅಮ್ಮನ್ನೇ ಕೇಳು,” ಎಂದಳು ಡಾಕ್ಟರು.

ಗಿಣಿ ಅಮ್ಮನ ಕಡೆ ತಿರುಗಿದಳು. ಅಮ್ಮ ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು. ಅಪ್ಪನ ಮೊಣಕೈ ತಿವಿಯಿತು.

“ಮೆಟ್ಟಿಲಿಂದ ಬಿದ್ರು. ಒದ್ದೆ ಇತ್ತು.”

“ಎಷ್ಟು ಮೆಟ್ಟಿಲು?”

ಅದನ್ನು ಬಸ್ಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. “ನಾಲ್ಕು,” ಎಂದಳು ಗಿಣಿ.

“ಬೀಳುವಾಗ ಅಂಗೈ ಊರಿದ್ರಾ?”

“ಹೂಂ.”

ಡಾಕ್ಟರು ಪರದೆಯನ್ನು ಅವರತ್ತ ತಿರುಗಿಸಿದಳು. “ಅಂಗೈ ಊರಿ ಬಿದ್ದರೆ ಎಲುಬು ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ ಅಡ್ಡಕ್ಕೆ ಮುರಿಯುತ್ತೆ. ಇದು ನೋಡು, ಸ್ಕ್ರೂವಿನ ಎಳೆ ಹಾಗೆ ಸುತ್ತಿಕೊಂಡು ಮೇಲಕ್ಕೆ ಹೋಗಿದೆ. ಯಾರಾದ್ರೂ ತಿರುಚಿದ್ರೆ ಹೀಗಾಗೋದು.”

“ಏನಂತೆ?”

“ಮುರಿದಿದೆಯಂತೆ ಅಪ್ಪ. ಪ್ಲಾಸ್ಟರ್ ಹಾಕ್ತಾರಂತೆ.”

ಡಾಕ್ಟರು ತುಸು ಹೊತ್ತು ಗಿಣಿಯನ್ನೇ ನೋಡಿದಳು. ಆಮೇಲೆ ಪೆನ್ನು ತೆಗೆದು ಔಷಧಿ ಚೀಟಿಯ ಮೇಲೆ ಬರೆಯುತ್ತ, ಮಾತ್ರೆ ಹೇಗೆ ನುಂಗಬೇಕೆಂದು ಹೇಳುವಷ್ಟು ಸಪ್ಪೆ ದನಿಯಲ್ಲಿ ಮಾತು ಮುಂದುವರಿಸಿದಳು.

“ನಿಮ್ಮಪ್ಪನಿಗೆ ನನ್ನ ಮಾತು ಅರ್ಥ ಆಗ್ತಿಲ್ಲ, ಅಲ್ವಾ? ಮುಖ ಹೀಗೇ ಇಟ್ಕೋ, ಬದಲಾಯಿಸ್ಬೇಡ. ಇದನ್ನ ಮಾಡಿದ್ದು ಅವರೇನಾ? ಹೌದು ಅಂತಾದ್ರೆ, ಪ್ಲಾಸ್ಟರ್ ಎಷ್ಟು ವಾರ ಇರಬೇಕು ಅಂತ ನನ್ನ ಕೇಳು. ಅಷ್ಟು ಸಾಕು.”

ಗಿಣಿ ಔಷಧಿ ಚೀಟಿಯನ್ನೇ ನೋಡಿದಳು.

“ಏನಂತೆ?”

“ಅಮ್ಮ ಹಾಲು ಕುಡೀಬೇಕಂತೆ. ಮೊಟ್ಟೆ ತಿನ್ನಬೇಕಂತೆ. ಎಲುಬು ಗಟ್ಟಿಯಾಗೋಕೆ.”

“ಅಷ್ಟು ಹೊತ್ತು ಮಾತಾಡಿದ್ಲು. ಬರೀ ಹಾಲು ಮೊಟ್ಟೇನಾ?”

“ಎಷ್ಟೆಷ್ಟು ಅಂತ ಹೇಳಿದ್ರಪ್ಪ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.”

ಒಂದೇ ಒಂದು ಪ್ರಶ್ನೆ. ಎಷ್ಟು ವಾರ? ಅಪ್ಪನ ಎದುರೇ ಕೇಳಬಹುದಾದ, ಯಾರಿಗೂ ಅನುಮಾನ ಬಾರದ ಪ್ರಶ್ನೆ. ಆದರೆ ಅದನ್ನು ಕೇಳಿದರೆ ಕಂದು ಸೂಟ್‌ಕೇಸಿನಲ್ಲಿದ್ದ ನಾಲ್ಕು ಪಾಸ್‌ಪೋರ್ಟುಗಳ ಗತಿ ಏನು? ಪುಟ್ಟಿ ಈಗಷ್ಟೇ ಇಲ್ಲಿನ ಭಾಷೆಯ ಕಥೆಪುಸ್ತಕಗಳನ್ನು ತಾನೇ ಓದತೊಡಗಿದ್ದಳು. ಗಿಣಿ ಬಾಯಿ ತೆರೆದಳು.

“ಪ್ಲಾಸ್ಟರ್…” ಎಂದು ಶುರುಮಾಡಿ ಮಾತು ತಿರುಗಿಸಿದಳು. “ಪ್ಲಾಸ್ಟರ್ ಬೇಗ ಹಾಕ್ತೀರಾ?”

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಡಾಕ್ಟರ ಪೆನ್ನು ನಿಂತಿತು.

“ನಿಧಾನಕ್ಕೆ ಯೋಚಿಸು. ಕಾಗದಪತ್ರದ ಹೆದರಿಕೆಯಿದ್ರೆ ಅದಕ್ಕೂ ದಾರಿಯಿದೆ. ನಾಳೆಯೇ ಯಾರೂ ಹೊರಗೆ ಹಾಕಲ್ಲ. ಪೊಲೀಸರು ಬಂದ್ರೂ ಮೊದಲು…”

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಆ ಒಂದು ಪದ ಎರಡೂ ಭಾಷೆಗಳಲ್ಲಿ ಒಂದೇ.

“ಪೊಲೀಸ್ ಅಂದ್ಲು.”

“ಹೂಂ ಅಪ್ಪ.”

“ಯಾಕಂದ್ಲು? ಯಾರ ಮೇಲೆ ಪೊಲೀಸು?”

ಗಿಣಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. “ಮೆಟ್ಟಿಲು ಯಾರದ್ದು ಅಂತ ಕೇಳಿದ್ರು. ಮನೆ ಯಜಮಾನ ಒರೆಸದೆ ಒದ್ದೆ ಬಿಟ್ಟಿದ್ರೆ ಅವನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬಹುದಂತೆ. ಬೇಡ ಅಂತೀನಿ.”

ಅಪ್ಪ ಅವಳ ಮುಖವನ್ನು ಅಳೆಯುವವನ ಹಾಗೆ ನೋಡಿದ. ಆಮೇಲೆ ನಕ್ಕ. “ಹಾಗೇ ಹೇಳು. ಅವನ ಗೊಡವೆ ನಮಗ್ಯಾಕೆ?” ಆದರೆ ನಗು ಮುಗಿಯುವ ಮೊದಲೇ ಎದ್ದು ನಿಂತ. “ಸಾಕು. ಪ್ಲಾಸ್ಟರ್ ಬೇರೆ ಎಲ್ಲಾದ್ರೂ ಹಾಕಿಸೋಣ. ಏಳೇ.” ಗಿಣಿಯ ಹಿಂದಿನಿಂದ ಬಂದು ಅಮ್ಮನ ಇನ್ನೊಂದು ತೋಳಿಗೆ ಕೈ ಹಾಕಿದ.

ಅಮ್ಮ ಏಳಲಿಲ್ಲ.

“ಏಳು ಅಂದೆ.”

“ಏಳಲ್ಲ,” ಎಂದಳು ಅಮ್ಮ. ಆಮೇಲೆ ತಲೆಯೆತ್ತಿ ಡಾಕ್ಟರನ್ನು ನೋಡಿ ಮಾತಾಡಿದಳು. ಇಲ್ಲಿನ ಭಾಷೆಯಲ್ಲಿ. ಗಿಣಿ ಆ ಬಾಯಲ್ಲಿ ಎಂದೂ ಕೇಳಿರದ, ಬೇರೆ ಯಾವುದೋ ದೇಶದ ಎಳೆತ ಅಂಟಿಕೊಂಡಿದ್ದ, ಹರುಕು ಮುರುಕು ಮಾತು.

“ಮೆಟ್ಟಿಲು ಇಲ್ಲ. ಹುಡುಗಿ ಸುಳ್ಳು. ಹುಡುಗಿ ತಪ್ಪು ಇಲ್ಲ. ಇವನು. ನನ್ನ ಕೈ…” ಅಲ್ಲಿ ಅವಳಿಗೆ ಪದ ಸಿಗಲಿಲ್ಲ. ತಡಕಾಡಿದಳು. ಮೂರು ವರ್ಷ ನಿಂತು ಕಲಿತ ಜಾಗದಿಂದಲೇ ಕೊನೆಗೆ ಒಂದು ಪದ ಎತ್ತಿಕೊಂಡಳು. “ಹಿಂಡಿದ. ಬಟ್ಟೆ, ನೀರು, ಹಿಂಡೋದು. ಹಾಗೆ.” ಸರಿಯಿದ್ದ ಕೈಯನ್ನು ಅಪ್ಪನ ಹಿಡಿತದಿಂದ ಬಿಡಿಸಿಕೊಂಡು ಗಾಳಿಯಲ್ಲಿ ಒಮ್ಮೆ ತಿರುವಿ ತೋರಿಸಿದಳು.

ಡಾಕ್ಟರು ಮೇಜಿನ ಕೆಳಗಿನ ಗುಂಡಿ ಒತ್ತಿರಬೇಕು. ಅರೆನಿಮಿಷದಲ್ಲಿ ಇಬ್ಬರು ಕಾವಲಿನವರು ಬಾಗಿಲಲ್ಲಿದ್ದರು. ಒಬ್ಬ ಅಪ್ಪನ ಭುಜದ ಮೇಲೆ ಕೈಯಿಟ್ಟ. ಅಪ್ಪ ಅವನನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಸಂತೆಯಲ್ಲಿ ಕೈ ತಪ್ಪಿಹೋದ ಮಗುವಿನ ಹಾಗೆ ಗಿಣಿಯನ್ನು ಹುಡುಕಿದ.

“ಏನಂತೆ? ಗಿಣಿ, ನಿಮ್ಮಮ್ಮ ಏನಂದ್ಲು?”

‘ನೋವು ತಡೆಯೋಕಾಗ್ತಿಲ್ಲ ಅಂದ್ಲು’ ಎಂಬ ಮಾತು ತಾನಾಗಿ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಳ್ಳಲು ಕಷ್ಟವಾಯಿತು.

“ನೀವು ಕೈ ಹಿಂಡಿದ್ರಿ ಅಂದ್ಲು.”

“ನೀನು ಹೇಳಿಕೊಟ್ಯಾ?”

“ಇಲ್ಲ ಅಪ್ಪ. ಅಮ್ಮನೇ ಹೇಳಿದ್ಲು. ಅಮ್ಮಂಗೆ ಇಲ್ಲಿನ ಮಾತು ಬರುತ್ತೆ.”

ಭುಜದ ಮೇಲಿನ ಕೈಗಿಂತ ಆ ಮಾತೇ ಅವನಿಗೆ ಹೆಚ್ಚು ನಾಟಿದಂತಿತ್ತು. ಅಪ್ಪ ಕುಸಿದು ಕುರ್ಚಿಯಲ್ಲಿ ಕೂತ.

“ಹಾಗಾದ್ರೆ ನಂಗೊಬ್ಬನಿಗೇ ಬರಲ್ವಾ?” ಎಂದ.

ಅವನನ್ನು ಹೊರಗೆ ಕರೆದುಕೊಂಡು ಹೋದರು. ಅಮ್ಮನ ಕೈಗೆ ಪ್ಲಾಸ್ಟರ್ ಬಿತ್ತು. ಗಿಣಿ ಗೋಡೆಗೊರಗಿ ನಿಂತು ಅತ್ತಳು. ಅಪ್ಪನಿಗಾಗಿಯೋ, ಅಮ್ಮನಿಗಾಗಿಯೋ, ಮೂರು ವರ್ಷ ತಾನು ಹೇಳಿದ ಒಂದೊಂದು ಸುಳ್ಳನ್ನೂ ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳಲ್ಲ ಎಂಬ ನಾಚಿಕೆಗೋ, ಅವಳಿಗೇ ತಿಳಿಯಲಿಲ್ಲ.

“ಯಾವಾಗಿಂದ ಅರ್ಥ ಆಗ್ತಿತ್ತು ನಿಂಗೆ?” ಎಂದು ಕೇಳಿದಳು.

“ಗಾಳಿ ಬೆಳಕು ಬೇಕಂತೆ ಅಂದ್ಯಲ್ಲ,” ಎಂದಳು ಅಮ್ಮ, “ಅದಕ್ಕೂ ಮುಂಚಿಂದ.”

ಮುಂದಿನ ಏಳು ತಿಂಗಳು ಸುಲಭವಾಗಿರಲಿಲ್ಲ. ಪೊಲೀಸರ ಜೊತೆ ಹೋಗಿ ಸೂಟ್‌ಕೇಸ್ ತೆರೆಸಿ ಪಾಸ್‌ಪೋರ್ಟು ತಂದರು. ಬಸ್ ಡಿಪೋದ ಹಿಂದಿನ ಆಶ್ರಯಧಾಮದಲ್ಲಿ ಮೂರು ಮಂಚದ ಒಂದು ಕೋಣೆ ಸಿಕ್ಕಿತು. ಅಪ್ಪನ ಪರವಾನಗಿ ರದ್ದಾದರೆ ತಮ್ಮದೂ ಹೋಗುತ್ತದೆಂಬ ಭಯ ಮಾತ್ರ ಹೋಗಲಿಲ್ಲ. ಅಂಚೆಯವನು ಬಂದಾಗಲೆಲ್ಲ ಗಿಣಿ ಎಲ್ಲರಿಗಿಂತ ಮೊದಲು ಓಡಿಹೋಗಿ ಲಕೋಟೆಯ ಮೇಲಿನ ಮೊಹರು ನೋಡುತ್ತಿದ್ದಳು. ವಲಸೆ ಕಚೇರಿ ಮೂರು ಸಲ ವಿಚಾರಣೆಗೆ ಕರೆಯಿತು. ಅಲ್ಲಿ ಸರ್ಕಾರದ್ದೇ ಅನುವಾದಕ ಇದ್ದ. ಟೈ ಕಟ್ಟಿದ, ಕೆಮ್ಮುವ ಮನುಷ್ಯ. ಮಕ್ಕಳು ಅನುವಾದ ಮಾಡುವ ಹಾಗಿಲ್ಲವೆಂದು ಗಿಣಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಬಾಗಿಲಿನಾಚೆ ಅಮ್ಮನ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಮನುಷ್ಯ ಅಮ್ಮನ ಮಾತನ್ನು ಸರಿಯಾಗಿ ದಾಟಿಸುತ್ತಾನೋ ಇಲ್ಲವೋ ಎಂದು ಯೋಚಿಸಿ ಯೋಚಿಸಿ ಅವಳು ಉಗುರೆಲ್ಲ ಕಚ್ಚಿ ಹಾಕಿದಳು.

ಕೊನೆಗೆ ಪರವಾನಗಿ ಅಮ್ಮನ ಹೆಸರಿಗೇ ಬಂತು. ಲಾಂಡ್ರಿಯ ದಪ್ಪ ಹೆಂಗಸು ಸುದ್ದಿ ಕೇಳಿ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳಂತೆ. ಎಲುಬು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದ್ದರಿಂದ ಅಮ್ಮನನ್ನು ಉರುಳೆಯ ಮುಂದಿನಿಂದ ಮಡಚುವ ಮೇಜಿಗೆ ಹಾಕಿದರು.

ಅಪ್ಪ ಜೈಲು ಶಿಕ್ಷೆ ಮುಗಿಸಿ, ಹೇಗೋ ತನ್ನ ಪರವಾನಗಿ ಉಳಿಸಿಕೊಂಡು, ಇದೇ ದೇಶದ ಬೇರೆ ಊರಿಗೆ ಹೋದ. ಅಲ್ಲಿನ ಮರದ ಡಿಪೋದಲ್ಲಿ ಕೆಲಸವೆಂದು ಯಾರೋ ಹೇಳಿದರು. ಎರಡು ಸಲ ಗಿಣಿಗೆ ಫೋನ್ ಮಾಡಿದ. ಮೊದಲ ಸಲ ಉಸಿರಾಟ ಬಿಟ್ಟರೆ ಏನೂ ಕೇಳಿಸಲಿಲ್ಲ. ಎರಡನೆಯ ಸಲ, “ಪುಟ್ಟಿ ಎಷ್ಟುದ್ದ ಆಗಿದ್ದಾಳೆ?” ಎಂದು ಕೇಳಿದ. “ನನ್ನ ಭುಜಕ್ಕೆ ಬರ್ತಾಳೆ,” ಎಂದಳು ಗಿಣಿ. “ನಿನ್ನ ಭುಜ ಈಗ ಎಷ್ಟೆತ್ತರ ಅಂತ ನಂಗೇನು ಗೊತ್ತು?” ಎಂದು ಅವನು ಫೋನ್ ಇಟ್ಟ.

ಗಿಣಿ ಆ ವರ್ಷ ಶಾಲೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಮಾತಿನ ಬದಲು ಬರೆದಳು. ಕಾಲೇಜು ಮುಗಿಸಿ, ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ, ಇಲ್ಲಿನ ಭಾಷೆಯಲ್ಲೇ ಐದು ವರ್ಷ ಬರೆದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮೊದಲ ಕಾದಂಬರಿ ಮುಗಿಸಿದಳು. ಹೊರದೇಶದಿಂದ ಬಂದ ಹದಿನಾರರ ಹುಡುಗಿ, ಅವಳ ಅಪ್ಪ, ಅವಳ ಅಮ್ಮ. ಒಬ್ಬ ಪ್ರಕಾಶಕ ಒಪ್ಪಿಕೊಂಡ. ಅಚ್ಚಿಗೆ ಹೋಗುವ ಮೊದಲು ಅಮ್ಮ ಓದಲಿ ಎಂದು ಪುಟಗಳ ಕಟ್ಟನ್ನು ಅವಳಿಗೆ ಕೊಟ್ಟಳು. ಬೇಡ ಅಂದರೆ ನಿಲ್ಲಿಸುತ್ತೇನೆ ಎಂದೂ ಹೇಳಿದಳು. ಹೇಳಿದ ಮೇಲೆ ಅಮ್ಮ ಬೇಡ ಅಂದುಬಿಟ್ಟರೆ ಏನು ಗತಿ ಎಂದು ನಿದ್ದೆಗೆಟ್ಟಳು.

ಅಮ್ಮ ಆರು ವಾರ ತೆಗೆದುಕೊಂಡಳು. ದಿನಾ ಕೆಲಸದಿಂದ ಬಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕೂರುತ್ತಿದ್ದಳೆಂದು ಪುಟ್ಟಿ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಭಾನುವಾರ ಗಿಣಿ ಹೋದರೆ ಅಮ್ಮ, “ನೂರಾ ಹನ್ನೆರಡಕ್ಕೆ ಬಂದಿದ್ದೀನಿ,” ಎಂದು ಪುಟದ ಸಂಖ್ಯೆ ಹೇಳುವಳೇ ಹೊರತು ಮುಖ ಬಿಟ್ಟುಕೊಡುತ್ತಿರಲಿಲ್ಲ. ಏಳನೆಯ ಭಾನುವಾರ ಕಟ್ಟು ಮೇಜಿನ ಮೇಲಿತ್ತು.

“ಮೂರು ತಪ್ಪಿವೆ,” ಎಂದಳು ಅಮ್ಮ.

“ಹೇಳಮ್ಮ.”

“ಚಾದರನ ಮೊದಲು ಉದ್ದಕ್ಕೆ ಮಡಚ್ತಾರೆ, ಅಡ್ಡಕ್ಕಲ್ಲ. ಇದನ್ನ ನಮ್ಮ ಲಾಂಡ್ರಿಯವರು ಓದಿದ್ರೆ ನಗ್ತಾರೆ.”

“ಸರಿ.”

“ನಿಮ್ಮಪ್ಪನ್ನ ಮೊದಲನೇ ಪುಟದಿಂದ್ಲೇ ಕೆಟ್ಟೋನು ಮಾಡಿದ್ದೀಯ. ಇಂಥೋನ ಬೆನ್ನು ಹತ್ತಿ ಇಷ್ಟು ದೂರ ಬಂದ್ಲಲ್ಲ ಅಂತ ಓದೋರು ನನ್ನ ದಡ್ಡಿ ಅಂದ್ಕೊಳಲ್ವಾ? ಅವನು ಒಳ್ಳೆಯವನಾಗಿದ್ದ ದಿನಗಳೂ ಇದ್ವು. ಅದೂ ಇರಲಿ. ಅವನಿಗೋಸ್ಕರ ಅಲ್ಲ, ನನಗೋಸ್ಕರ.”

ಗಿಣಿ ತಲೆಯಾಡಿಸಿದಳು. ಅಮ್ಮ ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದಳು. ಆಸ್ಪತ್ರೆಯ ಪುಟ. ಒಂದು ಸಾಲಿನ ಕೆಳಗೆ ಪೆನ್ಸಿಲಿನ ದಪ್ಪ ಗೆರೆಯಿತ್ತು.

“ಇಲ್ಲಿ, ‘ತಾಯಿಗೆ ಆ ಗಳಿಗೆಯಲ್ಲಿ ಭಯವಿರಲಿಲ್ಲ’ ಅಂತ ಬರೆದಿದ್ದೀಯ. ಯಾರು ಹೇಳಿದ್ರು ನಿಂಗೆ? ಕುರ್ಚಿಯಲ್ಲೇ ಉಚ್ಚೆ ಹೊಯ್ಕೊಳ್ಳೋ ಹಾಗಾಗಿತ್ತು ನಂಗೆ.”

ಗಿಣಿಗೆ ನಗು ಬಂತು, ತಡೆದುಕೊಂಡಳು. ಅಮ್ಮ ನಗುತ್ತಿರಲಿಲ್ಲ.

“ಹಾಗಾದ್ರೆ ಯಾಕೆ ಹೇಳಿದೆ ಆವತ್ತು? ಅಷ್ಟು ವರ್ಷ ಹೇಳದೇ ಇದ್ದೋಳು?”

ಅಮ್ಮ ಸೊಟ್ಟಗಿನ ಮುಂಗೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು.

“ಪೊಲೀಸ್ ಅಂದಾಗ ನೀನು ಒಂದು ಕಥೆ ಕಟ್ಟಿದ್ಯಲ್ಲ, ಮನೆ ಯಜಮಾನ, ಒದ್ದೆ ಮೆಟ್ಟಿಲು ಅಂತ. ಕಣ್ಣು ಮಿಟುಕಿಸಲಿಲ್ಲ ನೀನು. ದನಿ ನಡುಗಲಿಲ್ಲ. ನಿಮ್ಮಪ್ಪ ನಂಬೋ ಹಾಗೆ, ನಾನೂ ನಂಬೋ ಹಾಗೆ ಹೇಳಿದೆ. ಹದಿನಾರು ವರ್ಷದ ಹುಡುಗಿ. ಅದು ನೋಡಿ ನಂಗೆ ಅವನಿಗಿಂತ ಜಾಸ್ತಿ ಹೆದರಿಕೆ ಆಯ್ತು ಕಣೇ. ಇನ್ನೊಂದು ವರ್ಷ ಸುಮ್ಮನಿದ್ರೆ ನೀನು ನಂಗೂ ಸಿಗಲ್ಲ ಅನ್ನಿಸ್ತು.”

ಗಿಣಿ ಅಮ್ಮನ ಪೆನ್ಸಿಲ್ ತೆಗೆದುಕೊಂಡು ಗೆರೆಯೆಳೆದ ಆ ಸಾಲನ್ನು ಹೊಡೆದುಹಾಕಿದಳು. ಪಕ್ಕದ ಕೋಣೆಯಲ್ಲಿ ಪುಟ್ಟಿ ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ಜಗಳವಾಡುತ್ತಿದ್ದಳು, ಎರಡೂ ಭಾಷೆ ಕಲಸಿ.

“ಇದನ್ನ ಬರೀಲಾ?” ಎಂದು ಕೊನೆಗೆ ಕೇಳಿದಳು.

“ಬರಿ. ಉಚ್ಚೆ ವಿಷಯ ಬೇಡ.”

ಮತ್ತೆ ತಿದ್ದಿ ಬರೆಯಬೇಕೆಂದಾಗ ಪ್ರಕಾಶಕ ಗೊಣಗಿದ. ಪುಸ್ತಕ ಎರಡು ತಿಂಗಳು ತಡವಾಗಿ ಅಂಗಡಿಗೆ ಬಂತು.